ಗದ್ದದ ಎತ್ತರ

ಸ್ಕೀಯ ತುದಿ ಸಿಂಚನಾಳ ನೆತ್ತಿಯನ್ನೂ ದಾಟಿ ಮೇಲಕ್ಕೆ ಹೋಗಿತ್ತು.

"ನೆಟ್ಟಗೆ ನಿಂತ್ಕೊಳೇ. ಹಿಂಗೆ ಗೂನು ಮಾಡ್ಕೊಂಡ್ರೆ ಅಳತೆ ಹೆಂಗೆ ಸಿಗುತ್ತೆ?" ಎಂದ ಗಿರಿಧರ್. ಅವನು ಅವಳ ದೊಡ್ಡಪ್ಪನ ಮಗ. ಓದು ಮುಗಿದಾಗಿನಿಂದ ಅವಳಿದ್ದದ್ದು ಡಾಲಸ್ ಪಕ್ಕದ ಫ್ಲವರ್ ಮೌಂಡ್‌ನ ಅವನ ಮನೆಯಲ್ಲೇ, ಮಹಡಿಯ ಮೇಲಿನ ಕೋಣೆಯಲ್ಲಿ.

ಸಿಂಚನಾ ನೆಟ್ಟಗೆ ನಿಂತಳು. ತುದಿ ಆಗಲೂ ಮೇಲೆಯೇ ಇತ್ತು.

"ಇದೇ ಇರ್ಲಿ. ಸ್ವಲ್ಪ ಬೆಳೆಯೋಕೆ ಜಾಗ ಬೇಕು."

"ಇಪ್ಪತ್ತೈದು ವರ್ಷದವಳು ಇನ್ನೆಷ್ಟು ಬೆಳೀತಾಳ್ರೀ?" ಎಂದಳು ಅನಸೂಯಾ ಅತ್ತಿಗೆ, ಕೈಗವಸುಗಳ ರಾಶಿಯಿಂದ ತಲೆ ಎತ್ತದೆಯೇ.

"ಮೈಯಲ್ಲಲ್ಲ ಕಣೇ. ಆಟದಲ್ಲಿ."

ಡಾಲಸ್‌ನ ಈ ಅಂಗಡಿಯ ಹೊರಗೆ ಡಿಸೆಂಬರ್‌ನಲ್ಲೂ ಜನ ಅರ್ಧ ತೋಳಿನ ಅಂಗಿಯಲ್ಲಿ ಓಡಾಡುತ್ತಿದ್ದರು. ಒಳಗೆ ಮಾತ್ರ ಎಲ್ಲರಿಗೂ ಹಿಮದ ಅವಸರ. ಬುಧವಾರ ಬೆಳಿಗ್ಗೆ ಗಿರಿಧರನ ಕಾರು ಕೊಲರಾಡೊಗೆ ಹೊರಡಬೇಕಿತ್ತು. ಸಿಂಚನಾ ಹಿಮವನ್ನು ಕೈಯಿಂದ ಮುಟ್ಟಿದವಳಲ್ಲ. ಆದರೆ ಎರಡು ವಾರದಿಂದ ಹಿಮದ ಮೇಲೆ ಜಾರುವ ಈ ಸ್ಕೀ ಹಲಗೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ಡೈರಿಯಲ್ಲಿ ಬರೆದುಕೊಂಡಿದ್ದಳು: ಹೊಸಬರಿಗೆ ಗದ್ದದವರೆಗೆ ಸಾಕು, ಗಿಡ್ಡ ಸ್ಕೀ ಬೇಗ ತಿರುಗುತ್ತದೆ. ಪಳಗಿದವರಿಗೆ, ವೇಗ ಬೇಕೆನ್ನುವವರಿಗೆ ಹಣೆಯವರೆಗೆ, ಅದಕ್ಕೂ ಮೇಲೆ. ಕೇಳಿದರೆ ಇದನ್ನೆಲ್ಲ ಒಪ್ಪಿಸಬಲ್ಲಳು. ಯಾರೂ ಕೇಳಲಿಲ್ಲ.

ಜೇಬಿನಲ್ಲಿ ಫೋನ್ ನಡುಗಿತು. ಬೆಳಿಗ್ಗೆಯಿಂದ ನಾಲ್ಕನೆಯ ಸಲ. ಮೋಹನರಾಜ ಅಂಕಲ್.

ಅವಳ ಡೈರಿಯ ಪುಟಗಳ ಮೇಲೆ ಈಗ ತಾರೀಖಿನ ಜೊತೆ ಇನ್ನೊಂದು ಸಂಖ್ಯೆಯೂ ಇರುತ್ತಿತ್ತು. ವಿದ್ಯಾರ್ಥಿ ವೀಸಾದಲ್ಲಿ ಬಂದು ಓದು ಮುಗಿಸಿದವರು ಈ ದೇಶದಲ್ಲಿ ಕೆಲಸವಿಲ್ಲದೆ ಇರಬಹುದಾದದ್ದು ತೊಂಬತ್ತು ದಿನ. ಇಂದು ಎಪ್ಪತ್ತೊಂದು. ಮೋಹನರಾಜ ಅಂಕಲ್ ಗಿರಿಧರನ ಹಳೆಯ ಪರಿಚಯದವರು. ಹ್ಯೂಸ್ಟನ್ ಹತ್ತಿರದ ಮಿಸೌರಿ ಸಿಟಿಯಲ್ಲಿ ಕೂತು, ಕೆಲಸ ಹುಡುಕುವ ನಮ್ಮವರ ರೆಸ್ಯೂಮೆಗಳನ್ನು ತಿದ್ದಿ ಕಂಪನಿಗಳಿಗೆ ಕಳಿಸುವವರು. ಆಸ್ಟಿನ್‌ನ ಒಂದು ಕಂಪನಿಗಾಗಿ ಅವಳ ರೆಸ್ಯೂಮೆಯಲ್ಲಿ ನಾಲ್ಕು ವರ್ಷದ ಅನುಭವ ಸೇರಿಸಿದ್ದರು. ಅದರ ಪ್ರಕಾರ ಸಿಂಚನಾ ಬೆಂಗಳೂರಿನ ಒಂದು ಬ್ಯಾಂಕಿಗೆ ಸಾಫ್ಟ್‌ವೇರ್ ಬರೆದಿದ್ದಳು, ಆರು ಜನರ ತಂಡವನ್ನೂ ನಡೆಸಿದ್ದಳು. ಆರು ಜನ ಕೂತ ಊಟದ ಮೇಜಿನಲ್ಲಿ ಉಪ್ಪು ಕೇಳಲೂ ಅವಳು ಎರಡು ಸಲ ಯೋಚಿಸುತ್ತಿದ್ದಳು. ಅವಳು ಹೂಂ ಎಂದರೆ ಸಂಜೆಯೊಳಗೆ ಆ ರೆಸ್ಯೂಮೆ ಹೋಗುತ್ತದೆ, ಸೋಮವಾರ ಸಂದರ್ಶನ.

"ಅಂಕಲ್ಲಾ? ಎತ್ತೇ, ಕಾಯಿಸ್ಬೇಡ ಅವರನ್ನ," ಎಂದ ಗಿರಿಧರ್.

"ಆಮೇಲೆ ಮಾಡ್ತೀನಣ್ಣ."

"ಹೂಂ ಅನ್ನೋಕೆ ಎಷ್ಟೊತ್ತು? ನಾನೂ ಹಂಗೇ ಬಂದಿದ್ದು. ಮೂರು ವರ್ಷ ಹಾಕಿದ್ರು ನಂಗೆ. ಒಳಗೆ ಹೋದ್ಮೇಲೆ ತಾನಾಗೇ ಕಲೀತೀವಿ."

ಅವನು ಕೌಂಟರಿನತ್ತ ಹೋದ. ಅತ್ತಿಗೆ ಒಂದು ಕೈಗವಸನ್ನು ತೊಟ್ಟು ಬೆರಳು ಆಡಿಸುತ್ತ, ದನಿ ತಗ್ಗಿಸಿ ಹೇಳಿದಳು: "ತಾನಾಗೇ ಕಲ್ತ್ರಂತೆ. ಮದ್ವೆಯಾದ ಹೊಸದ್ರಲ್ಲಿ ಆಫೀಸಿನ ಬಾತ್‌ರೂಮ್‌ನಿಂದ ಫ್ರೆಂಡ್‌ಗೆ ಫೋನ್ ಮಾಡಿ, ಉತ್ತರ ಕೇಳ್ಕೊಂಡು ಸೀಟಿಗೆ ವಾಪಸ್ ಹೋಗ್ತಿದ್ರು. ಆ ವರ್ಷ ಇವರಿಗೆ ಬರೀ ಮೊಸರನ್ನ. ಬೇರೆ ಏನು ತಿಂದ್ರೂ ಹೊಟ್ಟೇಲಿ ನಿಲ್ತಿರ್ಲಿಲ್ಲ."

"ನಂಗೆ ಹೇಳ್ಲೇ ಇಲ್ಲ ಅಣ್ಣ."

"ಯಾರಿಗೂ ಹೇಳಿಲ್ಲ. ನಾನು ಹೇಳ್ದೆ ಅಂತ ನೀನೂ ಹೇಳ್ಬೇಡ."

ಕಿತ್ತಳೆ ಬಣ್ಣದ ಸ್ಕೀ ಹಿಡಿದು ಅವರ ಹನ್ನೊಂದು ವರ್ಷದ ಮಗಳು ಇಶಾ ಬಂದಳು. ಅವಳದನ್ನು ಅಂಗಡಿಯವನೇ ಆರಿಸಿದ್ದ, ಸರಿಯಾಗಿ ಗದ್ದಕ್ಕೆ. ಸಿಂಚನಾಳ ಕೈಯಲ್ಲಿದ್ದುದನ್ನು ಮೇಲಿಂದ ಕೆಳಗೆ ನೋಡಿ, "ದಟ್ಸ್ ಸೋ ಲಾಂಗ್, ಸಿಂಚು ಅತ್ತೆ," ಎಂದಳು. "ಹೌ ವಿಲ್ ಯು ಟರ್ನ್?"

"ನಿಮ್ಮಪ್ಪನ್ನ ಕೇಳು," ಎಂದಳು ಅತ್ತಿಗೆ.

ಮೈಸೂರಿನಲ್ಲಿ ಅಮ್ಮ ಶಾಲೆಯ ಶೂಗಳನ್ನು ಯಾವಾಗಲೂ ಎರಡು ಸೈಜ್ ದೊಡ್ಡದೇ ಕೊಡಿಸುತ್ತಿದ್ದಳು. ಮುಂದೆ ಹತ್ತಿ ತುರುಕಿದರೆ ಆಯಿತು. ಹತ್ತಿ ತೆಗೆಯುವ ದಿನ ಬರುವ ಮೊದಲೇ ಶೂ ಸವೆದುಹೋಗುತ್ತಿತ್ತು. ಐದನೆಯ ತರಗತಿಯ ಓಟದಲ್ಲಿ ಒಂದು ಶೂ ಕಾಲಿನಿಂದ ಕಳಚಿ ಮೈದಾನದ ನಡುವೆ ಉಳಿದಿತ್ತು. ಸಿಂಚನಾ ಅದನ್ನು ಬಿಟ್ಟು ಓಡಲೂ ಇಲ್ಲ, ನಿಲ್ಲಲೂ ಇಲ್ಲ. ಹಿಂದೆ ನೋಡುತ್ತ ಕುಂಟುತ್ತ ಹೋಗಿದ್ದಳು.

ಕೌಂಟರಿನಲ್ಲಿ ಗಿರಿಧರ್ ಆಗಲೇ ಅವಳ ಫಾರಂ ತುಂಬಿಸಿದ್ದ. ಬ್ಯಾಂಕು, ಆಸ್ಪತ್ರೆ, ಎಲ್ಲಿ ಹೋದರೂ ಅವಳ ಫಾರಂ ತುಂಬುವವನು ಅವನೇ, ಸಹಿ ಮಾತ್ರ ಅವಳದು. ಎತ್ತರ, ತೂಕ ಸರಿಯಾಗಿದ್ದವು. ಕೆಳಗೆ ಮೂರು ಚೌಕಗಳು: ನಿಧಾನದವರು, ಮಧ್ಯಮ, ವೇಗದವರು. ನಡುವಿನದಕ್ಕೆ ಗುರುತು ಹಾಕಿದ್ದ. ಅವಳು ಸಹಿ ಮಾಡಿದಳು. ಸಹಿ ಎಂದಿನ ಹಾಗೆ ಗೆರೆಯ ಕೆಳಗೆ ಇಳಿಯಿತು.

ಬಿಳಿ ಗಡ್ಡದ ಅಂಗಡಿಯವನು ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡು ಫಾರಂ ಓದಿದ. ಉದ್ದದ ಸ್ಕೀ ನೋಡಿದ. ಅವಳನ್ನು ನೋಡಿದ. ಎಷ್ಟು ದಿನ ಸ್ಕೀ ಮಾಡಿದ್ದೀಯ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಹತ್ತು ದಿನ," ಎಂದ ಗಿರಿಧರ್, ಇಂಗ್ಲಿಷಿನಲ್ಲೇ.

ಅಂಗಡಿಯವನು ತಲೆಯಾಡಿಸಿ, ಬೂಟು ಕಚ್ಚಿಕೊಳ್ಳುವ ಜಾಗದ ಸ್ಪ್ರಿಂಗನ್ನು ಅವಳಿಗೆ ತೋರಿಸಿದ. ಬಿದ್ದಾಗ ಬೂಟು ಇಲ್ಲಿಂದ ಕಳಚಿಕೊಳ್ಳಬೇಕು. ಎಷ್ಟು ಬಿಗಿ ಇಡಬೇಕು ಅನ್ನುವುದು ಈ ಚೌಕದ ಲೆಕ್ಕ. ಇರುವುದಕ್ಕಿಂತ ಚುರುಕು ಅಂತ ಬರೆದರೆ ಇದೂ ನಂಬುತ್ತದೆ, ಬಿದ್ದಾಗ ಬಿಡುವುದಿಲ್ಲ. ಆಗ ತಿರುಚಿಕೊಳ್ಳುವುದು ಮೊಣಕಾಲು. ಎಷ್ಟೋ ಜನಕ್ಕೆ ಹೇಳಿ ಹೇಳಿ ಸಾಕಾಗಿದ್ದ ದನಿ ಅದು. ಹೇಳಿ, ಕಾದ.

ಫೋನ್ ಮತ್ತೆ ನಡುಗಿತು. ಸಿಂಚನಾಳ ಕಿವಿ ಬಿಸಿಯಾಯಿತು. ಹಿಂದೆ ಮೂರು ಜನ ಸಾಲಿನಲ್ಲಿದ್ದರು, ಒಬ್ಬಳು ಗಡಿಯಾರ ನೋಡುತ್ತಿದ್ದಳು. ಸುಮ್ಮನಿದ್ದರೆ ಎರಡು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು.

"ಅಣ್ಣ, ಪೆನ್ನು ಕೊಡಿ."

"ಏನಕ್ಕೆ? ಸಹಿ ಆಯ್ತಲ್ಲ."

ಅವಳು ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. ನಡುವಿನ ಗುರುತನ್ನು ಹೊಡೆದು ಮೊದಲನೆಯದಕ್ಕೆ ಹಾಕಿದಳು. ಅಂಗಡಿಯವನಿಗೆ, ಒಂದು ದಿನವೂ ಮಾಡಿಲ್ಲ ಎಂದಳು. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ಈ ಸಲ ಸಾಲಿನಲ್ಲಿದ್ದವರಿಗೂ ಕೇಳಿಸಿತು.

ಅವನು ಒಳಗೆ ಹೋಗಿ ಗಿಡ್ಡದೊಂದು ಜೋಡಿ ತಂದ. ಒಂದನ್ನು ಅವಳ ಮುಂದೆ ನಿಲ್ಲಿಸಿದ. ತುದಿ ಗದ್ದಕ್ಕೆ ತಣ್ಣಗೆ ತಾಗಿತು.

"ಎರಡೇ ದಿನಕ್ಕೆ ಬೇಜಾರಾಗುತ್ತೆ ನೋಡು ಇದು," ಎಂದ ಗಿರಿಧರ್. ಅವನ ಮುಖ ಕೆಂಪಾಗಿತ್ತು. "ಜನರ ಮುಂದೆ ನನ್ನನ್ನ ಸುಳ್ಳ ಮಾಡ್ದೆ."

"ಸಾರಿ ಅಣ್ಣ."

ಸಾರಿ ಎಂದವಳು ಅಲ್ಲಿ ನಿಲ್ಲಲಿಲ್ಲ. ಜಾಕೆಟ್‌ಗಳ ಸಾಲಿನ ಹಿಂದೆ ಹೋಗಿ ಫೋನ್ ಮಾಡಿದಳು.

"ಏನಮ್ಮ ಸಿಂಚನಾ, ಮಹಾರಾಣಿ ಥರ ಕಾಯಿಸ್ತೀಯಲ್ಲ," ಎಂದರು ಮೋಹನರಾಜ. "ಕಳಿಸ್ಲಾ?"

"ಕಳಿಸಿ ಅಂಕಲ್. ಆದ್ರೆ ಆ ನಾಲ್ಕು ವರ್ಷ ತೆಗ್ದುಬಿಡಿ."

"ತೆಗ್ದು?"

"ಏನಿದೆಯೋ ಅಷ್ಟೇ ಇರ್ಲಿ. ಕಾಲೇಜ್ ಪ್ರಾಜೆಕ್ಟ್ ಎರಡಿದಾವೆ."

ಆ ಕಡೆ ಚಮಚ ಲೋಟಕ್ಕೆ ತಾಗುವ ಸದ್ದು. "ಆಸ್ಟಿನ್‌ನೋರು ಅದನ್ನ ತೆರೆದೂ ನೋಡಲ್ಲಮ್ಮ. ದಿನ ಎಷ್ಟಿದೆ ನಿಂಗೆ?"

"ಹತ್ತೊಂಬತ್ತು."

"ಗಿರಿಧರ್‌ಗೆ ಗೊತ್ತಾ?"

"ಈಗ ಹೇಳ್ತೀನಿ."

ತನ್ನ ಮತ್ತು ಅನಸೂಯಾಳ ಉದ್ದದ ಸ್ಕೀಗಳನ್ನು ಗಿರಿಧರ್ ಕಾರಿನ ಮೇಲೆ ಬಿಗಿದ. ಇಶಾಳದೂ ಸಿಂಚನಾಳದೂ ಒಳಗೇ ಹಿಡಿಸಿದವು, ಹಿಂದಿನ ಸೀಟಿನ ನಡುಭಾಗ ಮಡಿಚಿ ಮುಂದಕ್ಕೆ ಚಾಚಿದಂತೆ. ಎರಡರ ತುದಿಗಳ ನಡುವೆ ಒಂದು ಗೇಣೂ ವ್ಯತ್ಯಾಸವಿರಲಿಲ್ಲ. ಇಶಾ ಅದನ್ನು ಬೆರಳಿನಲ್ಲಿ ಅಳೆದು ನಕ್ಕಳು.

ಹೇಳಬೇಕಾದದ್ದನ್ನು ಸಿಂಚನಾ ಪಾರ್ಕಿಂಗ್ ದಾಟುವ ಮೊದಲೇ ಹೇಳಿದಳು. ಗಿರಿಧರ್ ಕನ್ನಡಿಯಲ್ಲಿ ಒಮ್ಮೆ ಅವಳನ್ನು ನೋಡಿದ. ಬಾಯಿ ತೆರೆದ. ಅನಸೂಯಾ ಅವನತ್ತ ತಿರುಗಿ, "ಮೊಸರು ತಗೋಬೇಕು, ಇರ್ವಿಂಗ್‌ನ ಇಂಡಿಯನ್ ಅಂಗಡಿ ಕಡೆಯಿಂದ ಹೋಗಿ," ಎಂದಳು. ಅವನು ಬಾಯಿ ಮುಚ್ಚಿಕೊಂಡು ದಾರಿ ಬದಲಿಸಿದ.

ಶನಿವಾರದ ಟ್ರಾಫಿಕ್ಕು. ಕಾರು ನಿಂತು ನಿಂತು ಸಾಗುತ್ತಿತ್ತು. ಬ್ರೇಕ್ ಹಾಕಿದಾಗಲೆಲ್ಲ ಸ್ಕೀಗಳು ಮುಂದಕ್ಕೆ ಜಾರಿ ಗೇರಿನ ಕಡೆ ಹೊರಡುತ್ತಿದ್ದವು. ಸಿಂಚನಾ ಅಂಗೈಯನ್ನು ತುದಿಗೆ ಅಡ್ಡ ಹಿಡಿದು ಕೂತಳು. ಸಿಗ್ನಲ್ ಹಸಿರಾಗುತ್ತಿತ್ತು, ಅವು ಹಿಂದಕ್ಕೆ ಸರಿಯುತ್ತಿದ್ದವು. ಕೆಂಪಾಗುತ್ತಿತ್ತು, ಮತ್ತೆ ಬಂದು ಅಂಗೈಗೆ ಒತ್ತುತ್ತಿದ್ದವು.