ಕರೆಮ್ಮನ ಹೆಸರಿನ ಪಾಸು

ಹಂಪಣ್ಣ ಆ ಹೆಸರು ಓದುವವರೆಗೂ ಬೂದೆಮ್ಮ ಬೊಂಬಾಯಿಗೆ ಹೊರಟೇಬಿಟ್ಟಿದ್ದಳು. ಮನಸ್ಸಿನಲ್ಲೇ ಹೊಸ ಸೀರೆ ಉಟ್ಟಾಗಿತ್ತು, ರೊಟ್ಟಿ ಗಂಟು ಕಟ್ಟಿಯಾಗಿತ್ತು, ರಾಯಚೂರು ಸ್ಟೇಷನ್ನಿನಲ್ಲಿ ಗಾಡಿ ಹತ್ತಿ ಕಿಟಕಿ ಪಕ್ಕ ಕೂತೂ ಆಗಿತ್ತು. ಒಂದು ಹೆಸರು ಅವಳನ್ನು ಅಲ್ಲಿಂದ ಎಬ್ಬಿಸಿ ತಂದು ಮಾನ್ವಿಯ ಅಕ್ಕಿ ಗಿರಣಿಯ ಕಟ್ಟೆ ಮೇಲೆ ಕುಕ್ಕಿತು.

ಅದು ಎಪ್ಪತ್ತೊಂಬತ್ತನೇ ಇಸವಿ, ಮೇ ತಿಂಗಳ ಮೊದಲ ವಾರ. ಬೂದೆಮ್ಮ ಮತ್ತು ಅವಳ ಗಂಡ ಗದ್ದೆಪ್ಪ ದೇವದುರ್ಗ ತಾಲೂಕಿನ ಮಸರಕಲ್ಲಿನ ಕುರಿಗಾರರು. ಕಾಲುವೆ ಭತ್ತದ ಕೊಯ್ಲು ಮುಗಿದ ಕೂಡಲೇ ಮಾನ್ವಿಗೆ ಬಂದು, ಹಂಪಣ್ಣನ ಗದ್ದೆಗಳಲ್ಲಿ ಕುರಿ ತರುಬಿ ನಿಲ್ಲಿಸಿ ಗೊಬ್ಬರ ಬೀಳಿಸಿ, ಮಳೆಗಾಲಕ್ಕೆ ಊರಿಗೆ ಮರಳುವುದು ಅವರ ರೂಢಿ. ಹಂಪಣ್ಣ ಗಿರಣಿ ಮಾಲೀಕ. ವಿಭೂತಿ ಹಚ್ಚದೆ ಹೊಸ್ತಿಲು ದಾಟದ ಮನುಷ್ಯ. ಇಂಗ್ಲಿಷ್ ಕಾಗದವನ್ನೂ ಅಕ್ಷರ ಕೂಡಿಸಿ ಕೂಡಿಸಿ ಓದಬಲ್ಲವನಾದ್ದರಿಂದ ಗದ್ದೆಪ್ಪನ ಮಗ ಕನಕರಾಯ ಬರೆದದ್ದೆಲ್ಲ ಅವನ ಬಾಯಿಂದಲೇ ಹೊರಬೀಳಬೇಕು. ಕನಕರಾಯ ನೌಕಾಪಡೆ ಸೇರಿ ನಾಲ್ಕು ವರ್ಷವಾಗಿತ್ತು. ಹಡಗು ದೇಶಾವರ ತಿರುಗುತ್ತಿತ್ತು, ರಜೆ ಸಿಕ್ಕಿದ್ದು ಒಂದೇ ಸಲ. ಬೂದೆಮ್ಮ ಮಗನ ಮುಖ ನೋಡಿ ಎರಡೂವರೆ ವರ್ಷ.

ಈಗ ಅವನೇ ಕಾಗದ ಬರೆದು, ಜೊತೆಗೊಂದು ಫಾರ್ಮು ಇಟ್ಟು ಕರೆದಿದ್ದ. ತಿಂಗಳ ಕೊನೆಗೆ ಬೊಂಬಾಯಿಯಲ್ಲಿ ಹಡಗಿನವರ ಬೇಸಿಗೆ ಉತ್ಸವ. ಹಡಗುಗಳನ್ನು ಸಿಂಗಾರ ಮಾಡಿ ನಿಲ್ಲಿಸುತ್ತಾರಂತೆ, ವಿಮಾನಗಳು ಗುಂಪು ಕಟ್ಟಿಕೊಂಡು ತಲೆಯ ಮೇಲೆ ಪಲ್ಟಿ ಹೊಡೆಯುತ್ತವಂತೆ. ಊರ ಜನ ದಂಡೆಯಲ್ಲಿ ನಿಂತು ನೋಡಬೇಕು. ಆದರೆ ನಾವಿಕರ ತಂದೆ ತಾಯಿಗೆ ಹಡಗಿನ ಮೇಲೇ ಕುರ್ಚಿ! ಅದಕ್ಕೆ ಪಾಸು ಬೇಕು. ಪಾಸಿಗೆ ಈ ಫಾರ್ಮಿನ ಮೇಲೆ ಇಬ್ಬರ ಫೋಟೋ ಅಂಟಿಸಿ, ದೊಡ್ಡ ಸರ್ಕಾರಿ ಅಧಿಕಾರಿಯ ಸಹಿ ಹಾಕಿಸಿ, ಹತ್ತನೇ ತಾರೀಖಿನೊಳಗೆ ಬೊಂಬಾಯಿ ಮುಟ್ಟಿಸಬೇಕು. ಹೆಸರುಗಳನ್ನು ಆಫೀಸಿನವರು ದಾಖಲೆ ನೋಡಿ ಮೊದಲೇ ಟೈಪು ಮಾಡಿದ್ದರು.

“ತಂದಿ, ಗದ್ದೆಪ್ಪ,” ಹಂಪಣ್ಣ ಬೆರಳಿಟ್ಟು ಓದಿದ. “ತಾಯಿ... ಕರೆಮ್ಮ.”

ಕರೆಮ್ಮ ಸತ್ತು ಇಪ್ಪತ್ತೆರಡು ವರ್ಷವಾಗಿತ್ತು.

ಅವಳು ಬೂದೆಮ್ಮನ ಒಡಹುಟ್ಟಿದ ಅಕ್ಕ, ಗದ್ದೆಪ್ಪನ ಮೊದಲ ಹೆಂಡತಿ. ಕನಕರಾಯನನ್ನು ಹಡೆದು ಒಂಬತ್ತನೇ ದಿನಕ್ಕೆ ಕಣ್ಣು ಮುಚ್ಚಿದಳು. ಎರಡು ವರ್ಷ ಬಿಟ್ಟು, ಕೂಸಿಗೆ ಪರರ ಕೈ ಯಾಕೆ ಎಂದು ಹಿರಿಯರು ಬೂದೆಮ್ಮನನ್ನೇ ಗದ್ದೆಪ್ಪನಿಗೆ ಕಟ್ಟಿದರು. ತಾಳಿಯ ಜೊತೆ ಅಕ್ಕನ ಹೆಸರಿನ ಬೆಳ್ಳಿಯ ಸವತಿ ಬಿಲ್ಲೆಯನ್ನೂ ಕೊರಳಿಗೆ ಹಾಕಿದರು. ಎರಡನೆಯವಳಾಗಿ ಬಂದವಳು ಸತ್ತವಳನ್ನು ಎದೆ ಮೇಲೆ ಹೊತ್ತೇ ಸಂಸಾರ ಮಾಡಬೇಕು. ಹೊಸ ಸೀರೆ ತಂದರೆ ಮೊದಲು ಬಿಲ್ಲೆಗೆ ಮುಟ್ಟಿಸಿ ಆಮೇಲೆ ತಾನು ಉಡಬೇಕು. ಬೂದೆಮ್ಮ ಒಂದು ಸಲವೂ ಅದನ್ನು ತಪ್ಪಿಸಿರಲಿಲ್ಲ.

“ಖೋಡಿ ನನಮಗ!” ಗದ್ದೆಪ್ಪ ಎದ್ದು ನಿಂತುಬಿಟ್ಟ. “ಹೇಲು ಉಚ್ಚಿ ಬಳದಾಕಿ ಇಕಿ. ದಡಾರ ಎದ್ದಾಗ ಹದಿನೈದು ದಿನ ಬೇವಿನ ತಪ್ಪಲ ಬೀಸ್ಕೊಂತ ಕುಂತಾಕಿ ಇಕಿ. ನೌಕರಿಯಾಗ ತಾಯಿ ಹೆಸರು ಬರಸಾಗ ಇಕಿ ನೆಪ್ಪಾಗಲಿಲ್ಲೇನು ಅವಗ? ಹಂಪಣ್ಣರೀ, ಒಂದು ಕಾರ್ಡ್ ತಗೀರಿ. ನಿನ್ನ ಹಡಗೂ ಬ್ಯಾಡ, ಇಮಾನಾನೂ ಬ್ಯಾಡ, ಇನ್ನ ಮ್ಯಾಲೆ ಮಾರಿ ತೋರಿಸಬ್ಯಾಡ ಅಂತ ಬರೀರಿ.”

ಆ ಹೆಸರು ಬರೆಸಿದವನು ಕನಕನಲ್ಲ, ಬೂದೆಮ್ಮನೇ. ಹದಿನಾರು ವರ್ಷದಿಂದ ಅದನ್ನು ಗಂಡನಿಗೂ ಹೇಳಿರಲಿಲ್ಲ.

ಮಸರಕಲ್ಲಿನ ಶಾಲೆಗೆ ಹುಡುಗನ ಹೆಸರು ಹಚ್ಚಲು ಹೋದ ದಿನ ಅವಳಿಗೆ ಇಪ್ಪತ್ತು ವರ್ಷ. ಮದುವೆಯಾಗಿ ನಾಲ್ಕು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಅವತ್ತು ಬೆಳಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಅತ್ತೆ ಎಲ್ಲರಿಗೂ ಕೇಳುವ ಹಾಗೆ ಅಂದಿದ್ದಳು: “ಹಡಿಯಾಕಿ ಹ್ವಾದ್ಲು, ಬಂಜಿ ಉಳಿದ್ಲು.” ಆ ಉರಿ ಹೊಟ್ಟೆಯಲ್ಲಿಟ್ಟುಕೊಂಡೇ ಹುಡುಗನ ಕೈ ಹಿಡಿದು ಎಳೆದೊಯ್ದಿದ್ದಳು. ಮಾಸ್ತರರು, “ಹೊಸಾ ರಿಜಿಸ್ಟರ್‌ದಾಗ ತಾಯಿ ಹೆಸರಿಗೂ ಒಂದು ಖಾನೆ ಅದವ್ವಾ, ನಿನ ಹೆಸರೇನು?” ಎಂದರು. ಬೂದೆಮ್ಮನ ಬಾಯಿಂದ ಬಂದದ್ದು ಇದು: “ನಾ ಅಲ್ಲರೀ ಇವನ ತಾಯಿ. ಇವನ ತಾಯಿ ಸತ್ತಾಳ. ಕರೆಮ್ಮ ಅಂತ ಬರ್ಕೊರ್ರಿ.” ನಾಳೆ ತನ್ನ ಹೊಟ್ಟೆಯಲ್ಲೇ ಒಂದು ಹುಟ್ಟುತ್ತದೆ, ತನ್ನ ಹೆಸರು ಅದಕ್ಕಿರಲಿ ಎಂಬ ಆಸೆಯೂ ಅದರಲ್ಲಿತ್ತು. ಹುಟ್ಟಲಿಲ್ಲ. ಯಾವ ವರ್ಷ, ಯಾವ ದಿನ ಅಂತ ಅವಳಿಗೇ ಗೊತ್ತಿಲ್ಲ, ಆ ಹುಡುಗನೇ ಅವಳ ಮಗನಾಗಿಬಿಟ್ಟ. ಶಾಲೆಯ ಕಾಗದವೇ ಮುಂದೆ ನೌಕರಿಯ ಕಾಗದವಾಯಿತು.

ಈಗ ಬಾಯಿಬಿಟ್ಟರೆ ಗಂಡ ಏನಂದಾನು? ಮಗನಿಗೆ ತಿಳಿದರೆ ಅವನೇನಂದಾನು? ಧೈರ್ಯ ಬರಲಿಲ್ಲ, ಬೂದೆಮ್ಮನಿಗೆ. “ಕಾರ್ಡ್ ಬ್ಯಾಡ್ರಿ ಹಂಪಣ್ಣರೀ,” ಎಂದಷ್ಟೇ ಅಂದಳು. “ಆಫೀಸಿನವರ ತಪ್ಪಿರಬೇಕು. ಅದಕ್ಕ ಹುಡುಗ ಏನು ಮಾಡ್ಯಾನು.”

ಹಂಪಣ್ಣ ಗದ್ದ ತುರಿಸಿಕೊಂಡು ದಾರಿ ಹುಡುಕಿದ. “ತಿದ್ದಿಸಾಕ ದಿನ ಎಲ್ಲಿ ಅದಾವ? ಫೋಟೋ ಬೂದೆಮ್ಮಂದು ಹಚ್ಚೂಣು. ಹೆಸರು ಕರೆಮ್ಮ ಅಂತನೇ ಇರ್ಲಿ. ಸಹಿ ಹಾಕೋ ದವಾಖಾನಿ ಡಾಕ್ಟರ್ ಬಾಯಾರ ಮುಂದ ಒಮ್ಮೆ, ಹಡಗಿನ ಬಾಗಿಲಾಗ ಒಮ್ಮೆ ನಾ ಕರೆಮ್ಮ ಅಂದ್ರ ಮುಗೀತು. ಬೊಂಬಾಯಾಗ ಇಕಿ ಯಾರು ಆಕಿ ಯಾರು ಅಂತ ಕೇಳೋರ್ಯಾರು?”

ಗದ್ದೆಪ್ಪನ ಸಿಟ್ಟು ಅರ್ಧ ಇಳಿಯಿತು. ಅವನಿಗೂ ಹಡಗು ನೋಡುವ ಆಸೆ ಕಮ್ಮಿಯಿರಲಿಲ್ಲ, ಸುಳ್ಳೇಕೆ. ಹೆಂಡತಿಯ ಕೊರಳಿನ ಬಿಲ್ಲೆಯ ಕಡೆ ಕೈ ತೋರಿಸಿದ. “ಇಪ್ಪತ್ತು ವರ್ಷ ಕೊರಳಾಗ ಕಟಗೊಂಡು ತಿರುಗೀದಿ ಆಕಿನ್ನ. ನಾಲಿಗಿಗೇನು ಭಾರ?”

ಬೂದೆಮ್ಮ ಹೂಂ ಎಂದಳು. ಮಗನನ್ನು ನೋಡಬೇಕಿತ್ತು, ಅಷ್ಟೇ.

ಆಮೇಲಿನ ಎರಡು ದಿನ ಓಡಾಟವೋ ಓಡಾಟ. ಮಾನ್ವಿಯ ಸ್ಟುಡಿಯೋದಲ್ಲಿ ಗದ್ದೆಪ್ಪ ಜಗಳಕ್ಕೆ ಹೊರಟವನ ಹಾಗೆ ಕಣ್ಣರಳಿಸಿ ಫೋಟೋ ತೆಗೆಸಿಕೊಂಡ. ಬಸ್ಸು ಹತ್ತಿ ರಾಯಚೂರಿಗೆ ಹೋಗಿ ಬೊಂಬಾಯಿ ಗಾಡಿಯ ಹೊತ್ತು ಕೇಳಿಕೊಂಡು ಬಂದ. ಕುರಿ ನೋಡಿಕೊಳ್ಳಲು ತಮ್ಮ ಮುದುಕಪ್ಪನಿಗೆ ಹೇಳಿಕಳಿಸಿದ. ಇದರ ನಡುವೆ ಹೆಂಡತಿಗೆ ಪಾಠ ಬೇರೆ. ಅವಳು ನೀರು ತರುವಾಗ, ಮರಿ ಕಟ್ಟುವಾಗ ಹಿಂದಿನಿಂದ ಇದ್ದಕ್ಕಿದ್ದಂತೆ “ಕರೆಮ್ಮಾ!” ಎಂದು ಕೂಗುವುದು. ಅವಳು ತಿರುಗಬೇಕು.

ಬೂದೆಮ್ಮ ತಿರುಗುತ್ತಿರಲಿಲ್ಲ. ಬೇಕೆಂದೇ ಅಲ್ಲ, ಆ ಹೆಸರು ಕೂಗಿದರೆ ಅವಳಿಗೆ ಅಕ್ಕ ಎಲ್ಲಿ ಎಂದು ನೋಡಬೇಕು ಅನ್ನಿಸುತ್ತಿತ್ತು.

“ಹಿಂಗಾದ್ರ ಹಡಗಿನ ಬಾಗಿಲಾಗ ಇಬ್ಬರ್ನೂ ಹಿಡದು ಹೊರಗ ನೂಕ್ತಾರ ನೋಡು,” ಎಂದು ರೇಗಿ ಗದ್ದೆಪ್ಪ ಇನ್ನೊಮ್ಮೆ ಕೂಗಿದ. ಈ ಸಲ ಅವಳು ತಿರುಗಿದಳು. “ಯಾಕ?” ಎಂದಳು. ಅಷ್ಟು ವರ್ಷದ ಮೇಲೆ ಆ ಹೆಸರಿಗೆ ಒಂದು ದನಿ ಓಗೊಟ್ಟದ್ದು ಕೇಳಿ ಗದ್ದೆಪ್ಪನ ಮುಖ ಒಂಥರಾ ಆಯಿತು. ಕುರಿಗಳ ಕಡೆ ನಡೆದ, ಮತ್ತೆ ಪಾಠ ಮಾಡಲಿಲ್ಲ.

ಏಳನೇ ತಾರೀಖು ದವಾಖಾನೆಗೆ ಹೋದರು. ಮೂರು ಗಂಟೆಯ ರಾಯಚೂರು ಬಸ್ಸಿಗೆ ಟಪಾಲು ಚೀಲ ಹೋಗುತ್ತದೆ, ಅದು ತಪ್ಪಿದರೆ ಫಾರ್ಮು ಹತ್ತಕ್ಕೆ ಮುಟ್ಟುವುದಿಲ್ಲ. ಇವರ ಸರದಿ ಬರುವಾಗಲೇ ಎರಡೂವರೆ. ಡಾಕ್ಟರ್ ಜಾಹೆದಾ ರಾಯಚೂರಿನ ಹೆಣ್ಣುಮಗಳು. ಮಾತು ಚುರುಕು, ಕಣ್ಣು ಅದಕ್ಕಿಂತ ಚುರುಕು.

ಡಾಕ್ಟರು ಗದ್ದೆಪ್ಪನ ಹೆಸರು ಕೇಳಿ, ಫೋಟೋ ನೋಡಿ, ಅದರ ಮೇಲೆ ಸಹಿ ಎಳೆದರು. “ನಿಮ್ಮ ಹೆಸರವ್ವಾ?”

ಹಂಪಣ್ಣ ಕಿಟಕಿಯ ಹೊರಗೆ ನೋಡಿದ. ಗದ್ದೆಪ್ಪ ಕೆಮ್ಮಿದ.

“ಕರೆಮ್ಮ,” ಎಂದಳು ಬೂದೆಮ್ಮ. ಅಯ್ಯೋ, ಎಷ್ಟು ಸಲೀಸಾಗಿ ಬಂತು ಅದು!

ಡಾಕ್ಟರು ಪೆನ್ನಿಗೆ ಮಸಿ ತುಂಬಿಕೊಳ್ಳುತ್ತಾ, ಸುಮ್ಮನೆ ಮಾತಿಗೆಂದು ಕೇಳಿದರು: “ಮಗ ಹಡಗಿನ್ಯಾಗ ಇದ್ದಾನಂದ್ರ ಭಾರಿ ಆಯ್ತಲ್ಲ. ಎಷ್ಟು ಮಂದಿ ಮಕ್ಕಳು?”

“ಒಬ್ಬನೇ.”

“ಒಬ್ಬನ್ನೇ ಹಡದು ನಿಂತ್ರಿ? ಹೆರಿಗಿ ಬಹಳ ತಕಲೀಫ್ ಆಗಿತ್ತೇನು?”

ಹೂಂ ಎಂದರೆ ಸಾಕಿತ್ತು. ಪೆನ್ನು ಫೋಟೋದ ಮೇಲೆ ಬಂದು ನಿಂತಿತ್ತು. ಆದರೆ ಬೂದೆಮ್ಮನ ಕಣ್ಣ ಮುಂದೆ ಆ ಒಂಬತ್ತು ದಿನ ಬಂತು. ಹದಿನಾಲ್ಕರ ಹುಡುಗಿ ಅವಳು, ಜ್ವರದಲ್ಲಿ ಸುಡುತ್ತಿದ್ದ ಅಕ್ಕನ ಹಣೆಗೆ ಬಟ್ಟೆ ಹಾಕುತ್ತಾ ಕೂತಿದ್ದವಳು. ಅಕ್ಕ ಹಲ್ಲು ಕಚ್ಚಿ ಕೂಸಿನ ಕಡೆಯೇ ನೋಡುತ್ತಿದ್ದಳು. ಹೆಸರೇನೋ ತೆಗೆದುಕೊಳ್ಳಬಹುದು, ಆ ನೋವನ್ನೂ ತನ್ನದು ಎನ್ನುವುದೇ?

“ನಾ ಹಡದಿಲ್ಲ ಬಾಯಿ,” ಎಂದಳು. “ಹಡದಾಕಿ ನಮ್ಮಕ್ಕ. ಆಕಿ ಹೆಸರು ಕರೆಮ್ಮ. ಒಂಬತ್ತು ದಿನ ಒದ್ದಾಡಿ ಸತ್ಲು. ನಾ ಬೂದೆಮ್ಮ.”

ಗದ್ದೆಪ್ಪ ಹಣೆ ಬಡಿದುಕೊಂಡ. “ಮುಗೀತು! ಹೋತು ಎಲ್ಲಾ! ಆ ನನಮಗ ಸರಿಯಾಗಿ ಬರಿಸಿದ್ರ...”

“ಅವಗ ಬೈಬ್ಯಾಡ!” ಬೂದೆಮ್ಮ ಅಷ್ಟು ಜೋರಾಗಿ ಕೂಗಿದ್ದನ್ನು ಗದ್ದೆಪ್ಪ ಹಿಂದೆಂದೂ ಕೇಳಿರಲಿಲ್ಲ. “ಬರಿಸಿದಾಕಿ ನಾನೇ. ಶಾಲಿಗೆ ಹಚ್ಚಿದ ದಿನ, ನಾ ಇವನ ತಾಯಿ ಅಲ್ಲ ಅಂತ ಮಾಸ್ತರಗ ನಾನೇ ಹೇಳೀನಿ. ಆವತ್ತು ನನಗ ಅವ ಬ್ಯಾಡಾಗಿದ್ದ. ಸಾಕೇನು? ಈಗ ಬೈ, ನನಗ ಬೈ.”

ಡಾಕ್ಟರು ಪೆನ್ನು ಕೆಳಗಿಟ್ಟು ಮೊದಲು ಹಂಪಣ್ಣನನ್ನು ಝಾಡಿಸಿದರು. ಓದು ಬರಹ ಬಲ್ಲವರೇ ಸುಳ್ಳಿಗೆ ಸಹಿ ಮಾಡಿಸಲು ಬಂದಿರಲ್ಲ, ನಾಚಿಕೆಯಾಗಲಿಲ್ಲವೇ ಎಂದು ಕೇಳಿದರು. ಹಂಪಣ್ಣ ವಿಭೂತಿಯ ಹಣೆ ತಗ್ಗಿಸಿಕೊಂಡು ಕೇಳಿಸಿಕೊಂಡ. ಆಮೇಲೆ ಡಾಕ್ಟರೇ ಕರೆಮ್ಮನ ಹೆಸರಿನ ಪಕ್ಕ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು, ಸಹಿ ಹಾಕಿ, ಓದಿ ಹೇಳಿದರು: ತಾಯಿ ತೀರಿಕೊಂಡಿದ್ದಾಳೆ, ಫೋಟೋದಲ್ಲಿರುವವಳು ಅವಳ ತಂಗಿ ಬೂದೆಮ್ಮ, ಹುಡುಗನನ್ನು ಸಾಕಿ ಬೆಳೆಸಿದವಳು ಇವಳೇ.

“ಖರೇ ಇದ್ದದ್ದು ಬರದೀನಿ. ಪಾಸ್ ಕೊಡ್ತಾರೋ ಇಲ್ಲೋ ನಾ ಹೇಳಂಗಿಲ್ಲ,” ಎಂದರು. ಹಂಪಣ್ಣ ಫಾರ್ಮು ಹಿಡಿದುಕೊಂಡು ಟಪಾಲು ಆಫೀಸಿಗೆ ಓಡಿದ.

ಗದ್ದೆಪ್ಪ ಗದ್ದೆ ಮುಟ್ಟುವವರೆಗೂ ಹೆಂಡತಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದ. ಅಲ್ಲಿ ಒಮ್ಮೆ ತಿರುಗಿ, “ಹದಿನಾರು ವರ್ಷ!” ಎಂದ, ಅಷ್ಟೇ. ಆಮೇಲೆ ಇಬ್ಬರ ನಡುವೆ ರೊಟ್ಟಿ ಬೇಕು, ನೀರು ಬೇಕು ಎನ್ನುವ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಬೂದೆಮ್ಮನಿಗೆ ಆ ಮೌನಕ್ಕಿಂತ ದೊಡ್ಡ ದಿಗಿಲು ಬೇರೆ ಇತ್ತು. ಡಾಕ್ಟರು ಬರೆದದ್ದನ್ನು ಅಲ್ಲಿ ಕನಕನೂ ಓದುತ್ತಾನೆ. ಹಾಗಾದರೆ ಈ ಹೆಸರು ಬರೆಸಿದ್ದು ಯಾರು ಎಂದು ಅವನು ಕೇಳೇ ಕೇಳುತ್ತಾನೆ. ಮಗನಿಗೆ ಏನಂತ ಉತ್ತರ ಹೇಳುವುದು?

ಇಪ್ಪತ್ತೊಂದನೇ ತಾರೀಖು ಬೆಳಗ್ಗೆ ಗಿರಣಿಯಿಂದ ಕರೆ ಬಂತು. ಹಂಪಣ್ಣ ಲಕೋಟೆ ಒಡೆದು ಕಟ್ಟೆಯ ಮೇಲಿಟ್ಟ. ಪಾಸು ಒಂದೇ ಇತ್ತು, ಗದ್ದೆಪ್ಪನ ಹೆಸರಿನದು. ಅದರ ಜೊತೆ ಇನ್ನೆರಡು ಕಾಗದ. ಹಂಪಣ್ಣ ಕನಕರಾಯ ಕನ್ನಡದಲ್ಲಿ ಬರೆದದ್ದನ್ನು ಓದಿದ.

“ಯವ್ವಾ, ದಾಖಲೆಯಲ್ಲಿ ಹೆಸರಿಲ್ಲದವರಿಗೆ ಪಾಸು ಕೊಡಲು ಬರುವುದಿಲ್ಲ ಅಂತ ನಮ್ಮ ಸಾಹೇಬರು ಹೇಳಿದರು. ಬೇಜಾರು ಮಾಡಿಕೊಳ್ಳಬೇಡ. ನನ್ನ ಹೆಸರು ಶಾಲೆಗೆ ಹಚ್ಚಿದ ದಿನ ನೀನು ಮಾಸ್ತರರಿಗೆ ಹೇಳಿದ್ದು ನನಗೆ ನೆನಪಿದೆ. ನೌಕರಿಗೆ ಸೇರುವಾಗ ತಾಯಿ ಹೆಸರು ಇದೇ ಇರಲೇನು ಅಂತ ಕೇಳಿದರು. ನಿನ್ನ ಹೆಸರು ಬಾಯಿತನಕ ಬಂದಿತ್ತು. ನೀನು ಬ್ಯಾಡ ಅಂದದ್ದನ್ನು ನಿನ್ನನ್ನು ಕೇಳದೆ ಹೆಂಗ ಬರೆಸಲಿ ಅಂತ ಸುಮ್ಮನಾದೆ. ಈಗ ಒಂದು ಕಾಗದ ಕಳಿಸಿದ್ದೇನೆ. ನನ್ನನ್ನು ಸಾಕಿದ ತಾಯಿ ಅಂತ ಅದರಲ್ಲಿ ನಿನ್ನ ಹೆಸರಿದೆ. ನಿನಗೆ ಒಪ್ಪಿಗೆ ಇದ್ದರೆ ಹೆಬ್ಬೆಟ್ಟು ಒತ್ತು. ಇಲ್ಲದಿದ್ದರೆ ಬೇಡ, ನಾನೇನೂ ಅಂದುಕೊಳ್ಳುವುದಿಲ್ಲ.”

ಆರು ವರ್ಷದ ಕೂಸು! ಕೇಳಿಸಿಕೊಂಡಿತ್ತು, ಅರ್ಥವನ್ನೂ ಮಾಡಿಕೊಂಡಿತ್ತು. ಹೊಟ್ಟೆಯಲ್ಲಿ ಅದನ್ನಿಟ್ಟುಕೊಂಡೇ ದಿನಾ ಶಾಲೆಯಿಂದ ಓಡಿ ಬಂದು ಯವ್ವಾ ಎಂದು ಬೂದೆಮ್ಮನ ಸೆರಗಿಗೆ ಜೋತುಬಿದ್ದಿತ್ತು. ಅವಳು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಗದ್ದೆಪ್ಪ ಹದಿನಾಲ್ಕು ದಿನದ ಸಿಟ್ಟು ಮರೆತು ಅವಳ ಬೆನ್ನ ಮೇಲೆ ಕೈ ಇಟ್ಟ.

“ಮಸಿ ಕೊಡ್ರಿ,” ಎಂದಳು ಕೊನೆಗೆ. ಹಂಪಣ್ಣ ಗಿರಣಿಯ ಮಸಿ ಡಬ್ಬಿ ತಂದ. ಒತ್ತಿದ ಹೆಬ್ಬೆಟ್ಟನ್ನು ಅವಳು ಬಹಳ ಹೊತ್ತು ಎತ್ತಲಿಲ್ಲ. ಹಂಪಣ್ಣನೇ ಮೆಲ್ಲಗೆ ಬಿಡಿಸಬೇಕಾಯಿತು.

“ಇದು ಈ ಸಲದ ಪಾಸಿಗೆ ಉಪಯೋಗ ಇಲ್ಲವ್ವಾ,” ಎಂದ ಹಂಪಣ್ಣ. “ಟಪಾಲಿಗೆ ಹಾಕ್ತೀನಿ, ಮುಂದಕ್ಕ ಆದೀತು.”

“ಟಪಾಲಿಗೆ ಬ್ಯಾಡ್ರಿ.” ಬೂದೆಮ್ಮ ಕಾಗದವನ್ನು ಕೈಗೆ ತೆಗೆದುಕೊಂಡಳು. “ನಾನೇ ಒಯ್ತೀನಿ.”

“ಪಾಸಿಲ್ಲದ ಹಡಗ ಹತ್ತಾಕ ಬಿಡಂಗಿಲ್ಲಬೇ,” ಗದ್ದೆಪ್ಪ ಸಂಕಟದಿಂದ ಅಂದ.

“ಹಡಗ ನೀ ಹತ್ತು. ನಾ ದಂಡಿ ಮ್ಯಾಲೆ ಮಂದ್ಯಾಗ ನಿಂದರ್ತೀನಿ. ಆಟ ಮುಗದ ಮ್ಯಾಲೆ ಅವ ಇಳದು ಬರ್ತಾನಲ್ಲ, ಆವಾಗ ಕೈಯಾಗ ಕೊಡ್ತೀನಿ. ಬ್ಯಾಡ ಅಂತ ಅವನ ಮುಂದ ನಿಂತು ಅಂದೀನಿ. ಬೇಕು ಅಂತನೂ ಅವನ ಮುಂದ ನಿಂತೇ ಅನಬೇಕು.”

ಗದ್ದೆಪ್ಪ ಹನ್ನೊಂದರ ಬಸ್ಸಿಗೆ ರಾಯಚೂರಿಗೆ ಹೋಗಿ ಎರಡು ಟಿಕೀಟು ತಂದ.