ಒಂಬತ್ತು ವರ್ಷ ಹೊಡೆಯದ ಗಂಟೆ

ಬೇಸಿಗೆ ರಜೆ ಕಳೆದು ಶಾಲೆ ತೆರೆದು ಮೂರು ವಾರವಾಗಿತ್ತು. ಮಧ್ಯಾಹ್ನ ಮೂರೂಕಾಲರ ಹೊತ್ತು. ನಾನು ಚಹಾದ ಲೋಟ ಹಿಡಿದು ಹೆಡ್ ಮಾಸ್ತರ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಡ್ರಿಲ್ ಮಾಸ್ತರು ಓಟದ ಸ್ಪರ್ಧೆಗೆ ಕಳಿಸುವವರ ಪಟ್ಟಿಗೆ ಸಹಿ ಕೇಳುತ್ತಿದ್ದರು. ಅದರಲ್ಲಿದ್ದದ್ದು ಒಂದೇ ಹೆಸರು, ಏಳನೆಯ ತರಗತಿಯ ನನ್ನ ಮೊಮ್ಮಗಳದು.

"ಯಾರಿದು?"

"ನಮ್ಮ ಆಯಮ್ಮನ ಮೊಮ್ಮಗಳು ಸಾರ್. ದಿನಾ ರಸ್ತೇಲಿ ನೋಡ್ತೀನಿ, ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ ಓಡ್ತಾಳೆ."

"ಓಡಿ ಎಲ್ಲಿಗೆ ಹೋಗ್ತಾಳಂತೆ? ಅಜ್ಜಿ ಗಂಟೆ ಹೊಡೀತಾಳೆ, ಮೊಮ್ಮಗಳು ಓಡ್ತಾಳೆ. ಆ ಮನೇಲಿ ಓದೋರು ಯಾರೂ ಇಲ್ವಾ?"

ಹೆಡ್ ಮಾಸ್ತರು ಕೆಂಪು ಪೆನ್ನಿನಿಂದ ಹೆಸರಿನ ಮೇಲೆ ಗೀಟೆಳೆದು ನಕ್ಕರು. ಡ್ರಿಲ್ ಮಾಸ್ತರು ನೆಲ ನೋಡಿದರು. ಆಮೇಲೆ ಅವರೂ ನಕ್ಕರು. ನಾನು ಚಹಾ ಇಟ್ಟು ಬಂದೆ, ಒಂದು ತೊಟ್ಟೂ ಚೆಲ್ಲಲಿಲ್ಲ.

ಸಂಜೆ ಮೊಮ್ಮಗಳು ಕೇಳಿದಳು, "ಅಜ್ಜೀ, ನನ್ನ ಹೆಸರು ಕಳಿಸಿದ್ರಾ?"

"ಇಲ್ಲ ಮಗಾ."

ಅಳಲಿಲ್ಲ. ಮಾರನೆಯ ದಿನ ಶಾಲೆಗೆ ನಡೆದುಕೊಂಡು ಬಂದಳು. ಅಲ್ಲಿಯವರೆಗೆ ಅವಳು ಒಂದು ದಿನವೂ ನಡೆದು ಬಂದವಳಲ್ಲ.

ಮೂರನೆಯ ತರಗತಿಯಾಚೆ ನಾನು ಓದಿಲ್ಲ. ಆದರೆ ಕೇಳಿದ್ದನ್ನು ಮರೆಯುವುದಿಲ್ಲ.

ಹಿಂದೆ ಸೋಮವಾರ, ಗುರುವಾರ ಕೊನೆಯ ಪೀರಿಯಡ್ ಇಡೀ ಶಾಲೆಗೆ ಆಟ. ಅದಕ್ಕೆ ಬೇರೆಯೇ ಗಂಟೆ ಇತ್ತು. ಎರಡು ಬಿಡಿ ಏಟು, ಆಮೇಲೆ ಉದ್ದಕ್ಕೆ ಗಣಗಣ. ಕೇಳಿದ್ದೇ ತಡ ಮಕ್ಕಳು ಮೈದಾನಕ್ಕೆ ನುಗ್ಗುತ್ತಿದ್ದರು. ಈ ಹೆಡ್ ಮಾಸ್ತರು ಬಂದ ವರ್ಷವೇ, "ಆಯಮ್ಮ, ಇನ್ಮೇಲೆ ಆ ಗದ್ದಲ ಬೇಡ. ಆ ಹೊತ್ತಲ್ಲಿ ಗಣಿತ ಇಟ್ಟಿದೀನಿ, ಮಾಮೂಲಿ ಗಂಟೆ ಹೊಡಿ" ಅಂದರು. ಒಂಬತ್ತು ವರ್ಷ ಹಾಗೇ ಹೊಡೆದೆ. ಮೈದಾನದ ಅರ್ಧ ಮುರಿದ ಬೆಂಚುಗಳ ರಾಶಿಯಾಯಿತು, ಉಳಿದರ್ಧದಲ್ಲಿ ಮಾಸ್ತರರ ಕಾರು ಸ್ಕೂಟರು ನಿಂತವು. ಚೆಂಡುಗಳು ಬೀರುವಿನೊಳಗೇ ಗಾಳಿ ಬಿಟ್ಟು ಸೊಟ್ಟಗಾದವು. ಡ್ರಿಲ್ ಮಾಸ್ತರು ದಿನವಿಡೀ ಆಫೀಸಿನ ಕಾಗದ ಬರೆಯುತ್ತಿದ್ದರು. ವಾರಕ್ಕೆರಡು ಸಲ ಆಟದ ಪುಸ್ತಕದಲ್ಲಿ 'ಆಟ ನಡೆಯಿತು' ಎಂದು ಬರೆದು ಸಹಿ ಹಾಕುತ್ತಿದ್ದರು.

ಸ್ಪರ್ಧೆ ಬಂತು, ಮುಗಿಯಿತು. ನಾನು ಕಾದೆ.

ನಾಲ್ಕು ತಿಂಗಳಾದ ಮೇಲೆ ತಪಾಸಣೆಯ ದಿನ ಗೊತ್ತಾಯಿತು. ಅದು ಚೆನ್ನಾಗಿ ನಡೆದರೆ ಹೆಡ್ ಮಾಸ್ತರಿಗೆ ಮೇಲಿನ ಆಫೀಸಿನಲ್ಲಿ ಕುರ್ಚಿ. ಗೋಡೆಯ ಬೋರ್ಡಿನ ಮೇಲೆ ಆಟದ ಪೀರಿಯಡ್ಡೂ ಸೇರಿಸಿ ಹೊಸ ವೇಳಾಪಟ್ಟಿ ಬರೆಸಿದರು. ಬೆಂಚುಗಳಿಗೆ ಟಾರ್ಪಾಲು ಹೊದಿಸಿದರು. 'ವಾರಕ್ಕೆ ಎರಡು ದಿನ ಆಡುತ್ತೇವೆ' ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿದರು. ಆಟದ ಗಂಟೆಯನ್ನು ಮಾತ್ರ ಮರೆತರು.

"ಆಯಮ್ಮ, ನಾಳೆ ಎಲ್ಲ ಬೋರ್ಡಲ್ಲಿ ಇರೋ ಹಾಗೇ ನಡೀಬೇಕು. ಗಂಟೆ ಒಂದು ನಿಮಿಷ ಆಚೆ ಈಚೆ ಆಗಬಾರದು."

"ಬೋರ್ಡಲ್ಲಿ ಇರೋ ಹಾಗೇನಾ ಸಾರ್?"

"ಕಿವಿ ಕೇಳಿಸಲ್ವಾ? ಇರೋ ಹಾಗೇ!"

"ಆಗಲಿ ಸಾರ್."

ಮಾರನೆಯ ದಿನ ಗುರುವಾರ. ತಪಾಸಣೆಯ ಅಧಿಕಾರಿ ಒಬ್ಬ ಹೆಂಗಸು. ಕೊನೆಯ ಪೀರಿಯಡ್ಡಿನ ಹೊತ್ತಿಗೆ ಏಳನೆಯ ತರಗತಿಯಲ್ಲಿ ಕುಳಿತಿದ್ದರು. ನಾನು ಎರಡು ಬಿಡಿ ಏಟು ಹೊಡೆದೆ. ಆಮೇಲೆ ತೋಳು ಸೋಲುವ ತನಕ ಗಣಗಣ ಬಾರಿಸಿದೆ.

ಒಂದು ಮಗುವೂ ಮೈದಾನಕ್ಕೆ ಬರಲಿಲ್ಲ. ಒಂದನೆಯ ತರಗತಿಯ ಮಕ್ಕಳು ಹೆದರಿ ಅಳತೊಡಗಿದವು. ಐದನೆಯವರು ಮನೆಗೆ ಬಿಟ್ಟರೆಂದು ಚೀಲ ಹೆಗಲಿಗೇರಿಸಿದರು. ಏಳನೆಯವರು ಮುಖ ಮುಖ ನೋಡಿಕೊಂಡರು. ನನ್ನ ಮೊಮ್ಮಗಳೂ ಏಳಲಿಲ್ಲ. ಅದು ಮಾತ್ರ ಎದೆಗೆ ಚುಚ್ಚಿತು.

"ಇದು ಯಾವ ಗಂಟೆ ಪುಟ್ಟಾ?" ಎಂದು ಅಧಿಕಾರಿ ಮುಂದಿನ ಬೆಂಚಿನ ಹುಡುಗಿಯನ್ನು ಕೇಳಿದ್ದು ಕಿಟಕಿಯಿಂದ ನನಗೆ ಕೇಳಿಸಿತು.

"ಗೊತ್ತಿಲ್ಲ ಮಿಸ್. ಆಯಮ್ಮಂಗೆ ಏನೋ ಆಗಿರಬೇಕು."

ಅಧಿಕಾರಿ ಹೊರಗೆ ಬಂದರು. "ಏನಮ್ಮಾ ಇದು?"

"ಆಟದ ಗಂಟೆ ಅಮ್ಮಾ. ಬೋರ್ಡಲ್ಲಿ ಇರೋ ಹಾಗೇ ನಡೀಬೇಕು ಅಂದ್ರು ಸಾರು."

"ಯಾರೂ ಆಚೆ ಬರಲಿಲ್ವಲ್ಲ?"

"ಈ ಮಕ್ಕಳು ಶಾಲೆಗೆ ಸೇರಿದ ಮೇಲೆ ಇವತ್ತೇ ಮೊದಲು ಕೇಳಿದ್ದು."

ಹೆಡ್ ಮಾಸ್ತರು ಓಡಿ ಬಂದರು. ಅವರು ಓಡಿದ್ದನ್ನು ನಾನು ಅಂದೇ ನೋಡಿದ್ದು. "ಮುದುಕಿಗೆ ಅರಳು ಮರಳು ಮೇಡಂ..." ಎನ್ನುತ್ತಿದ್ದಂತೆ ಅಧಿಕಾರಿ ಟಾರ್ಪಾಲಿನ ಮೂಲೆ ಎತ್ತಿ ನೋಡಿದರು. ಆಮೇಲೆ ಆಟದ ಪುಸ್ತಕ ತರಿಸಿದರು. ನಿಂತಲ್ಲೇ ಹಾಳೆ ಮಗುಚುತ್ತಾ ಹೋದರು. ಹೆಡ್ ಮಾಸ್ತರ ಕುತ್ತಿಗೆಯಿಂದ ಬೆವರಿಳಿಯುವುದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ತಣ್ಣೀರು ಕುಡಿದ ಹಾಗಿತ್ತು.

ಸಂಜೆ ಡ್ರಿಲ್ ಮಾಸ್ತರು ಗಂಟೆಯ ಕಂಬದ ಹತ್ತಿರ ಬಂದರು. "ಆಯಮ್ಮಾ, ಅವಳ ಹೆಸರು ಬರೆದವನು ನಾನೇ ಅಲ್ವಾ? ನನ್ನನ್ನಾದ್ರೂ ನೆನೆಸಿಕೊಳ್ಳಬಾರದಿತ್ತಾ?"

"ನೆನೆಸಿಕೊಂಡೇ ಹೊಡೆದೆ ಸಾರ್."

ಮುಂದಿನ ವಾರ ಬೆಂಚು, ಗಾಡಿಗಳು ಹೋಗಿ ಮೈದಾನ ಖಾಲಿಯಾಯಿತು, ಆಟ ಶುರುವಾಯಿತು. ಮೊಮ್ಮಗಳು ಮೊದಲ ದಿನ ಅಂಚಿನಲ್ಲಿ ನಿಂತಳು. ಎರಡನೆಯ ದಿನ ಒಂದು ಸುತ್ತು ನಡೆದಳು. ಓಡಲು ಅವಳಿಗೆ ಇನ್ನೂ ಒಂದು ತಿಂಗಳು ಹಿಡಿಯಿತು. ಆ ತಿಂಗಳನ್ನೂ ನಾನು ಮರೆತಿಲ್ಲ.

ಆ ತಿಂಗಳ ಕೊನೆಯಲ್ಲಿ ಇಬ್ಬರಿಗೂ ಬೇರೆ ಶಾಲೆಗೆ ವರ್ಗಾವಣೆಯ ಆದೇಶ ಬಂತು. ಡ್ರಿಲ್ ಮಾಸ್ತರು ಬುಧವಾರ ಹೋದರು. ಹೆಡ್ ಮಾಸ್ತರು ಯಾರಿಗೂ ಹೇಳದೆ ಶನಿವಾರ ಹೋದರು.