ಕಾಡಪ್ಪನವರ ಅಂಗಾಲು

ಯಾರ ಕಾರನ್ನೇ ಹತ್ತಲಿ, ಕಾಡಪ್ಪನವರು ಚಪ್ಪಲಿಯನ್ನು ಹೊರಗೆ ಬಿಟ್ಟೇ ಹತ್ತುತ್ತಿದ್ದರು. ಯಲಹಂಕದಿಂದ ದೊಡ್ಡಬಳ್ಳಾಪುರದ ರಸ್ತೆಗೆ ಹೊರಳುವಲ್ಲಿ ಅವರ ತಗಡಿನ ಷೆಡ್ಡು. ಅದರ ಮುಂದೆ ಆ ಸವೆದ ಚಪ್ಪಲಿಗಳು ಒಡೆಯನಿಲ್ಲದೆ ಜೋಡಿಯಾಗಿ ನಿಂತಿದ್ದರೆ, ಯಾವುದೋ ಗಾಡಿಯನ್ನು ರಾಜಾನುಕುಂಟೆಯ ತನಕ ಓಡಿಸಿ ನೋಡಲು ಹೋಗಿದ್ದಾರೆಂದು ತಿಳಿದು ನಾವು ಬೆಂಚಿನ ಮೇಲೆ ಕಾಯುತ್ತಿದ್ದೆವು. ಹೊಸಬರು ಇದನ್ನು ಭಕ್ತಿ ಎಂದುಕೊಂಡು ಮೆಚ್ಚಿಕೊಳ್ಳುತ್ತಿದ್ದರು. ಭಕ್ತಿಯೇನೂ ಅಲ್ಲ, ಅದು ಅವರ ಕಸುಬು.

"ರಸ್ತಾ ಏನ್ ಹೇಳತೈತಿ ಅನ್ನೂದು ಮೊದಲ ಅಂಗಾಲಿಗೆ ಗೊತ್ತಾಗಬೇಕ್ರಿ ಅಕ್ಕೋರ. ಇಷ್ಟ ನೋಡ್ರಿ" ಎಂದಿದ್ದರು ಒಮ್ಮೆ. ನಾನು ಕಾಲೇಜಿನಲ್ಲಿ ಪಾಠ ಹೇಳುವವಳಾದ್ದರಿಂದ ಅವರಿಗೆ 'ಅಕ್ಕೋರು'. 'ಇಷ್ಟ ನೋಡ್ರಿ' ಎನ್ನದೆ ಅವರ ಯಾವ ಮಾತೂ ಮುಗಿಯುತ್ತಿರಲಿಲ್ಲ.

ಗದಗಿನ ಕಡೆಯಿಂದ ಇಪ್ಪತ್ತರ ಹರೆಯದಲ್ಲಿ ಯಶವಂತಪುರಕ್ಕೆ ಬಂದು, ಶಾಕ್ ಅಬ್ಸಾರ್ಬರ್ ಜೋಡಿಸುವ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷ ದುಡಿದು, ಅದು ಮುಚ್ಚಿದ ಮೇಲೆ ಸ್ವಂತ ಷೆಡ್ಡು ಹಾಕಿದವರು ಅವರು. ಕಾರಿನೊಡನೆ ಬಂದ ಶಾಕುಗಳನ್ನು ಕಳಚಿ, ಬೇಕೆಂದಷ್ಟು ಬಿಗಿ ಸಡಿಲ ಮಾಡಿಕೊಳ್ಳಬಹುದಾದ ಬೇರೆ ಶಾಕುಗಳನ್ನು ಕೂರಿಸುವುದು ಅವರ ವಿಶೇಷ. ಅವುಗಳ ತುದಿಯಲ್ಲೊಂದು ಪುಟ್ಟ ತಿರುಪು. ತಿರುಗಿಸಿದರೆ ಟಕ್ ಟಕ್ ಎಂದು ಇಪ್ಪತ್ತನಾಲ್ಕು ಮೆಟ್ಟಿಲು. ಬಿಗಿ ಮಾಡಿದರೆ ಹೆಬ್ಬಾಳದ ಮೇಲ್ಸೇತುವೆಯ ತಿರುವಿನಲ್ಲಿ ಗಾಡಿ ನೆಲಕ್ಕಂಟಿ ಓಡುತ್ತದೆ, ಆದರೆ ದಾರಿಯ ಕಲ್ಲೊಂದೊಂದೂ ಬೆನ್ನುಮೂಳೆಗೆ ಬಂದು ತನ್ನ ಹೆಸರು ಹೇಳುತ್ತದೆ. ಸಡಿಲ ಬಿಟ್ಟರೆ ಹಂಪುಗಳ ಮೇಲೆ ತೊಟ್ಟಿಲಿನಂತೆ ತೂಗುತ್ತದೆ, ಆದರೆ ತಿರುವಿನಲ್ಲಿ ವಾಲುತ್ತದೆ, ಗುಂಡಿ ಆಳವಾಗಿದ್ದರೆ ತಳ ಹೊಡೆಯುತ್ತದೆ. ಈ ಎರಡರ ನಡುವೆ ಆಯಾ ಗಾಡಿಗೆ, ಆಯಾ ಮೈಗೆ ಸಲ್ಲುವ ಒಂದೇ ಒಂದು ಮೆಟ್ಟಿಲು ಇರುತ್ತದೆಂದೂ ಅದನ್ನು ಹುಡುಕಿಕೊಡುವುದೇ ತಮ್ಮ ವಿದ್ಯೆಯೆಂದೂ ಅವರು ನಂಬಿದ್ದರು.

ಕೊಡಿಗೇಹಳ್ಳಿಯ ಸಮರ್ಥ ಎಂಬ ಹುಡುಗ ಹೊಸ ಶಾಕು ಹಾಕಿಸಿದ ದಿನ "ಫುಲ್ ಟೈಟ್ ಮಾಡ್ಬಿಡಿ ಅಂಕಲ್, ರೇಸ್ ಗಾಡಿ ಥರ ಇರ್ಬೇಕು" ಎಂದ. ಕಾಡಪ್ಪನವರು ತಲೆಯೆತ್ತದೆಯೇ ಹೇಳಿದರು: "ಗಾಡಿ ನಿಮ್ಮದ, ಖರೆ. ಹಿಂದ ಕೂರೂ ನಿಮ್ಮ ಅವ್ವನ ಸೊಂಟ ನಿಮ್ಮದಲ್ಲಲ್ಲ. ಇಷ್ಟ ನೋಡ್ರಿ."

ಅವರ ಗುಟ್ಟೊಂದಿತ್ತು, ಅದು ನನಗೆ ತಿಳಿದದ್ದು ಬಹಳ ತಡವಾಗಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಅವರೇ ಹೇಳಿದಾಗ. ಒಮ್ಮೆ ಯಾರದೋ ಗಾಡಿಯಿಂದ ಇಳಿಯುವಾಗ ಪೆಡಲಿನ ಮೇಲೆಲ್ಲ ರಕ್ತ ಕಂಡಿತಂತೆ. ಕಾಲಿಗೆ ಮೊಳೆ ನಟ್ಟಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆ ಆ ಅಂಗಾಲುಗಳ ಜೀವವನ್ನು ಸದ್ದಿಲ್ಲದೆ ತಿಂದುಹಾಕಿತ್ತು. ಅಂದಿನಿಂದ ಅವರ ನಡಿಗೆಯೂ ಬದಲಾಯಿತು, ಇಲ್ಲದ ಹೊಸ್ತಿಲನ್ನು ದಾಟುವವರಂತೆ ಒಂದೊಂದೇ ಪಾದವನ್ನು ಎತ್ತಿ ಇಡುತ್ತಿದ್ದರು. ಆದರೂ ಚಪ್ಪಲಿ ಬಿಡುವುದನ್ನು ಬಿಡಲಿಲ್ಲ. ಆ ರೂಢಿ ತಪ್ಪಿದ್ದರೆ ಜನಕ್ಕೆ ಅನುಮಾನ ಬರುತ್ತಿತ್ತು.

ಆಗಲೇ ಅವರು ಓಡಿಸಿ ನೋಡುವ ಗಾಡಿಗಳಲ್ಲೆಲ್ಲ ಹೆಂಡತಿ ರತ್ನಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಳ್ಳತೊಡಗಿದ್ದು. ಒಳಗಿನ ಕನ್ನಡಿಯನ್ನು ಆಕೆಯ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಈ ವಯಸ್ಸಿನಲ್ಲೂ ಎಂಥ ಪ್ರೀತಿ ಎಂದು ನಾವು ಛೇಡಿಸಿದರೆ ಇಬ್ಬರೂ ನಗುತ್ತಿದ್ದರು. ಅವರು ನೋಡುತ್ತಿದ್ದದ್ದು ರತ್ನಕ್ಕನ ಝುಮಕಿಯನ್ನು. ಹಂಪು ಇಳಿದ ಮೇಲೆ ಝುಮಕಿ ಎರಡು ಸಲ ತೂಗಿ ನಿಂತರೆ ಸರಿ. ತೂಗುತ್ತಲೇ ಇದ್ದರೆ ಶಾಕು ಸಡಿಲ. ಚಿಮ್ಮಿ ಕೆನ್ನೆಗೆ ಬಡಿದರೆ ಬಿಗಿ. ಝುಮಕಿಯನ್ನು ಕನ್ನಡಿಗೇ ಕಟ್ಟಬಹುದಿತ್ತಲ್ಲ ಎಂದು ನಾನು ಕೇಳಿದ್ದಕ್ಕೆ, "ಕನ್ನಡಿಗೆ ಕಟ್ಟಿದ್ರ ಗಾಡಿ ಕುಲುಕೂದು ತೋರಸ್ತೈತ್ರಿ, ಮನಶಾರು ಕುಲುಕೂದು ತೋರಸಂಗಿಲ್ಲ. ಇಷ್ಟ ನೋಡ್ರಿ" ಎಂದರು. ಎಲ್ಲ ಹದಕ್ಕೆ ಬಂದಾಗ ರತ್ನಕ್ಕ ಹಿಂದಿನಿಂದ "ಆರಾಮ ಐತಿ" ಎನ್ನುತ್ತಿದ್ದರು. ಆ ಎರಡು ಮಾತು ಬಿದ್ದ ಮೇಲೆಯೇ ಗಾಡಿ ಷೆಡ್ಡಿಗೆ ತಿರುಗುತ್ತಿತ್ತು. ಹನ್ನೊಂದು ವರ್ಷ ಉತ್ತರ ಬೆಂಗಳೂರಿನ ಅದೆಷ್ಟೋ ಕಾರುಗಳು ಒಬ್ಬ ಹೆಂಗಸಿನ ಕಿವಿಯೋಲೆಯ ಅಳತೆಯಲ್ಲಿ ಓಡಾಡಿದವು.

ಹೋದ ವರ್ಷದ ಬೇಸಿಗೆಯಲ್ಲಿ ಗಾಡಿಗಳು ಮರಳಿ ಬರತೊಡಗಿದವು. ಮೊದಲು ಬಂದವನು ಸಮರ್ಥನೇ, ಅವನು ಹೊಸ ಶಾಕು ಹಾಕಿಸಿ ಇನ್ನೂ ತಿಂಗಳಾಗಿರಲಿಲ್ಲ. "ಅಂಕಲ್, ನೀವು ಹೇಳ್ದಂಗೆ ಕೇಳಿದ್ರೂ ಗಾಡಿ ಕಲ್ಲಾಗ್ಬಿಟ್ಟಿದೆ. ಅಮ್ಮ ಇದ್ರಲ್ಲಿ ಕೂರೋದೇ ಇಲ್ಲ ಅಂತಿದಾರೆ." ಆ ತಿಂಗಳಲ್ಲೇ ಇನ್ನೂ ಇಬ್ಬರು ಅದೇ ದೂರು ತಂದರು. ಕಾಡಪ್ಪನವರು ಶಾಕಿನ ಎಣ್ಣೆಯನ್ನು ಶಂಕಿಸಿದರು, ರಬ್ಬರನ್ನು ಶಂಕಿಸಿದರು, ಟೈರಿನ ಗಾಳಿಯನ್ನೂ ಶಂಕಿಸಿದರು. ಕೊನೆಗೆ ಸಮರ್ಥನ ಗಾಡಿಯಲ್ಲಿ ರತ್ನಕ್ಕನನ್ನು ಕೂರಿಸಿಕೊಂಡು ಮತ್ತೆ ಅದೇ ರಸ್ತೆಗೆ ಹೋದರು. ಝುಮಕಿ ಎರಡೇ ಸಲ ತೂಗಿ ನಿಂತಿತು. ಆದರೆ ಆ ದಿನ ಅವರ ಕಣ್ಣು ಕಿವಿಯಿಂದ ಜಾರಿ ಕೈಯ ಮೇಲೆ ಬಿತ್ತು. ಹಂಪು ಬರುವ ಮೊದಲೇ ರತ್ನಕ್ಕ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಜಗ್ಗಿ ಹಿಡಿದು, ಹಲ್ಲು ಕಚ್ಚಿ, ಸೀಟಿನಿಂದ ಒಂದು ಗೇಣು ಮೇಲೆದ್ದು ತೂಗಿಕೊಂಡಿದ್ದರು. ಗಾಡಿಯ ಕುಲುಕನ್ನು ಆ ಕೈಗಳೇ ನುಂಗುತ್ತಿದ್ದುದರಿಂದ ಬಿಗಿಯಾದ ಗಾಡಿಯಲ್ಲೂ ಝುಮಕಿ ಹದವೆಂದೇ ತೋರಿಸಿತ್ತು.

ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಕೇಳಿದರಂತೆ: "ಯಾವಾಗಿಂದ ನೋಯಾಕತ್ತೈತಿ?"

"ಶಿವರಾತ್ರಿ ಮುಂದಿಂದ."

"ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮ್ಮ ಕೆಲಸ ನಿಂದ್ರತಿತ್ತಲ್ಲ."

ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರೆ. ಊರವರ ಸೊಂಟದ ನೋವನ್ನೆಲ್ಲ ಬಲ್ಲ ಮನುಷ್ಯನಿಗೆ, ದಿನವೂ ಕನ್ನಡಿಯಲ್ಲಿ ಕಾಣುತ್ತಿದ್ದ ಮುಖದ ನೋವು ಗಿರಾಕಿಗಳ ದೂರಿನಿಂದ ತಿಳಿಯಬೇಕಾಯಿತು. ಬೆನ್ನುಮೂಳೆಯಲ್ಲಿ ಗೆಡ್ಡೆ, ಆಗಲೇ ಹರಡಿದೆ ಎಂದರು ಡಾಕ್ಟರು. ಇಪ್ಪತ್ತೈದು ದಿನ ರೇಡಿಯೇಷನ್, ಜನರ ಮಾತಿನಲ್ಲಿ ಕರೆಂಟು, ಕೊಡಿಸಬೇಕೆಂದರು.

ಆ ಇಪ್ಪತ್ತೈದು ದಿನದ ಪ್ರಯಾಣಕ್ಕಾಗಿ ಕಾಡಪ್ಪನವರು ಷೆಡ್ಡಿಗೆ ಬೀಗ ಹಾಕಿ, ತಮ್ಮ ಹಳೆಯ ಕಾರಿಗೆ ಇರುವುದರಲ್ಲೇ ಉತ್ತಮವಾದ ಶಾಕುಗಳನ್ನು ಕೂರಿಸಿದರು. ಎಷ್ಟನೆಯ ಮೆಟ್ಟಿಲಿಗೆ ನಿಲ್ಲಿಸಬೇಕೆಂಬುದೇ ಈಗ ಪ್ರಶ್ನೆ. ತಮ್ಮ ಕಾಲು ಹೇಳುವುದಿಲ್ಲ. ಝುಮಕಿಯನ್ನು ಆಸ್ಪತ್ರೆಯವರು ತೆಗೆಸಿದ್ದರು. ಬಾಯಿಬಿಟ್ಟು ಕೇಳಿದರೆ ರತ್ನಕ್ಕನ ಉತ್ತರ ಒಂದೇ, ಆರಕ್ಕಿಟ್ಟರೂ ಆರಾಮ, ಹತ್ತಕ್ಕಿಟ್ಟರೂ ಆರಾಮ.

ಆರನೆಯ ದಿನ ನಾನೂ ಜೊತೆಗೆ ಹೋಗಿ ಹಿಂದಿನ ಸೀಟಿನಲ್ಲಿ ರತ್ನಕ್ಕನ ಪಕ್ಕ ಕೂತೆ. ಕಾಡಪ್ಪನವರು ಅಂದು ತಿರುಪನ್ನು ಪೂರ್ತಿ ಸಡಿಲ ಬಿಟ್ಟಿದ್ದರು, ಮೃದುವಾದಷ್ಟೂ ಒಳ್ಳೆಯದೆಂಬ ಆಸೆಯಿಂದ. ಬೇರೆಯವರ ಗಾಡಿಯಾಗಿದ್ದರೆ ಈ ತಪ್ಪನ್ನು ಅವರು ಎಂದೂ ಮಾಡುತ್ತಿರಲಿಲ್ಲ. ಸರ್ವಿಸ್ ರಸ್ತೆಯಲ್ಲಿ ಪೈಪಿಗಾಗಿ ಅಗೆದು ಅರೆಬರೆ ಮುಚ್ಚಿದ್ದ ಕಡೆ ಕಾರು ಇಳಿದು, ತಳ ಹೊಡೆಯಿತು. ರತ್ನಕ್ಕನ ಉಗುರುಗಳು ನನ್ನ ಮಣಿಕಟ್ಟಿನೊಳಕ್ಕೆ ಇಳಿದವು. ಕಣ್ಣು ಮುಚ್ಚಿಕೊಂಡೇ, ಮುಂದಿನ ಸೀಟಿಗೆ ಕೇಳುವ ಹಾಗೆ, ಆಕೆ ಹೇಳಿದರು: "ಆರಾಮ ಐತ್ರಿ."

ಆಸ್ಪತ್ರೆ ತಲುಪಿ ಕಾಡಪ್ಪನವರು ಚೀಟಿ ಮಾಡಿಸಲು ಇಳಿದು ಹೋದಾಗ ರತ್ನಕ್ಕ ನನ್ನ ಕೈ ಸವರಿ, "ಅವರಿಗೆ ಹೇಳಬ್ಯಾಡ್ರಿ ಅಕ್ಕೋರ, ಮನಸ್ಸಿಗೆ ಹಚ್ಕೋತಾರ" ಎಂದರು. ನಾನು ಹೇಳಲಿಲ್ಲ. ಇನ್ನೂ ಹತ್ತೊಂಬತ್ತು ದಿನದ ದಾರಿ ಉಳಿದಿತ್ತು. ಎರಡು ಮೆಟ್ಟಿಲು ಬಿಗಿ ಮಾಡಿ ಎಂದು ನಾನು ಒಂದು ಮಾತು ಹೇಳಿದ್ದರೆ ಮರುದಿನದಿಂದಲಾದರೂ ಆ ಗುಂಡಿಯಲ್ಲಿ ಗಾಡಿ ತಳ ಹೊಡೆಯುತ್ತಿರಲಿಲ್ಲ.

ರತ್ನಕ್ಕ ಶ್ರಾವಣದಲ್ಲಿ ಹೋದರು. ದಿನಕರ್ಮಗಳೆಲ್ಲ ಮುಗಿದ ಮೇಲೆ ನಾನು ಷೆಡ್ಡಿಗೆ ಹೋದಾಗ ಕಾಡಪ್ಪನವರು ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ಜಾಗ ಬಿಟ್ಟುಕೊಟ್ಟು ಕೇಳಿದರು: "ಅಕ್ಕೋರ, ಖರೇ ಹೇಳ್ರಿ. ಅವತ್ತ ನೀವು ಬಾಜೂಕ ಇದ್ರಿ. ಗಾಡಿ ಹೆಂಗಿತ್ತು?"

"ಆರಾಮಾಗಿತ್ತು ಕಾಡಪ್ಪನೋರೇ" ಎಂದೆ.

ಅವರು ನನ್ನ ಮುಖವನ್ನು ನೋಡಿದರು, ಹನ್ನೊಂದು ವರ್ಷ ಕನ್ನಡಿಯಲ್ಲಿ ನೋಡುತ್ತಿದ್ದ ಹಾಗೆಯೇ. 'ಇಷ್ಟ ನೋಡ್ರಿ' ಎನ್ನಲಿಲ್ಲ. ಎದ್ದು ಹೋಗಿ ತಮ್ಮ ಕಾರು ಹತ್ತಿದರು. ಚಪ್ಪಲಿ ಕಾಲಲ್ಲೇ ಇತ್ತು.

ಪರರ ಸುಖವನ್ನು ಅಳೆದು ಕೊಡುವುದನ್ನೇ ಬದುಕು ಮಾಡಿಕೊಂಡವರು ಊರಲ್ಲಿ ಹಲವರಿದ್ದಾರೆ. ಹೊರಗಿನವರು ಅಂಥವರಿಗೆ ನಿಜವನ್ನೇ ಹೇಳುತ್ತಾರೆ, ಬೈದೇ ಹೇಳುತ್ತಾರೆ, ಅದರಿಂದ ಅವರ ಕೈ ತಿದ್ದಿಕೊಳ್ಳುತ್ತದೆ. ಪ್ರೀತಿಸುವವರು ಮಾತ್ರ ಆರಾಮವೆಂದು ಹೇಳಿ ಹೊರಟುಹೋಗುತ್ತಾರೆ. ಊರಿಗೆಲ್ಲ ಕೊಟ್ಟದ್ದನ್ನು ತಮ್ಮವರಿಗೆ ಕೊಟ್ಟೆವೋ ಇಲ್ಲವೋ ಎಂಬುದು ಅಂಥವರಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ತಿಳಿಯದಂತೆ ನೋಡಿಕೊಂಡವರಲ್ಲಿ ನಾನೂ ಒಬ್ಬಳು.